ವಾಟ್ಸಾಪ್‌ಗೆ ಯಾವ ನಂಬರ್ ಕೊಡಬೇಕು? ಹತ್ತು ಅಂಕಿಗಳ ಹಿಂದಿರುವ ಲೆಕ್ಕ

ನವೆಂಬರ್ 28, 2025ರಂದು ಕೇಂದ್ರದ ದೂರಸಂಪರ್ಕ ಇಲಾಖೆ ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್, ಅರಟ್ಟೈ, ಶೇರ್‌ಚಾಟ್ ಮುಂತಾದ ಆ್ಯಪ್‌ಗಳಿಗೆ ಒಂದು ನಿರ್ದೇಶನ ಕಳಿಸಿತು. ಖಾತೆ ತೆರೆಯಲು ಬಳಸಿದ ಸಿಮ್ ಅದೇ ಫೋನಿನಲ್ಲಿ ಇಲ್ಲದಿದ್ದರೆ ಆ್ಯಪ್ ಕೆಲಸ ಮಾಡಬಾರದು. ಕಂಪ್ಯೂಟರ್‌ನಲ್ಲಿ ತೆರೆದಿಟ್ಟ ವೆಬ್ ಆವೃತ್ತಿ ಹೆಚ್ಚೆಂದರೆ ಆರು ಗಂಟೆಗೊಮ್ಮೆ ತಾನಾಗಿ ಲಾಗ್‌ಔಟ್ ಆಗಬೇಕು. ಇದನ್ನು ಜಾರಿಗೆ ತರಲು ಕಂಪನಿಗಳಿಗೆ ಕೊಟ್ಟ ಗಡುವು 90 ದಿನ. ಇದಕ್ಕೆ ಸಿಮ್ ಬೈಂಡಿಂಗ್ ಅಂತ ಹೆಸರು.

ಸುದ್ದಿ ಬಂದ ಕೂಡಲೇ ಎರಡು ಬಣಗಳು ಸಿದ್ಧವಾದವು. ಆನ್‌ಲೈನ್ ವಂಚನೆ ತಡೆಯೋಕೆ ಇದು ಬೇಕೇ ಬೇಕು ಎನ್ನುವವರು ಒಂದು ಕಡೆ, ಇದು ಜನರ ಮೇಲೆ ಕಣ್ಣಿಡುವ ಹುನ್ನಾರ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಇಂಟರ್ನೆಟ್‌ನಲ್ಲಿ ಮಾತಾಡುವ ಆ್ಯಪ್‌ಗೆ ನನ್ನ ಮೊಬೈಲ್ ನಂಬರ್ ಯಾಕೆ ಬೇಕು? ಕೊಡಲೇಬೇಕು ಅಂದ್ರೆ ಯಾವ ನಂಬರ್ ಕೊಡಬೇಕು? ಆ್ಯಪ್ ಹಾಕಿಕೊಳ್ಳುವಾಗ ಮೊದಲ ಪರದೆಯಲ್ಲೇ ನಂಬರ್ ಕೇಳುತ್ತೆ, ನಾವು ಒತ್ತಿಬಿಡ್ತೀವಿ. ಆ ಐದು ಸೆಕೆಂಡಿನಲ್ಲಿ ಮಾಡಿದ ನಿರ್ಧಾರ ಹತ್ತು ವರ್ಷ ನಮ್ಮ ಜೊತೆ ಉಳಿಯುತ್ತೆ.

ಮೊದಲು ತಾಂತ್ರಿಕ ವಿಷಯ ನೋಡೋಣ. ಇಂಟರ್ನೆಟ್ ಕರೆಗೆ ಮೊಬೈಲ್ ನಂಬರ್ ಅಗತ್ಯವೇ ಇಲ್ಲ. ನಿಮ್ಮ ಧ್ವನಿಯನ್ನು ಫೋನು ಅಂಕಿಗಳಾಗಿ ಬದಲಿಸಿ, ಸಣ್ಣ ಸಣ್ಣ ಪೊಟ್ಟಣ ಮಾಡಿ, ಇಂಟರ್ನೆಟ್ ಮೂಲಕ ಆಚೆ ಕಡೆಯ ಫೋನಿಗೆ ಕಳಿಸುತ್ತೆ. ಈ ಪೊಟ್ಟಣಗಳ ಮೇಲೆ ಇರುವ ವಿಳಾಸ ಐಪಿ ವಿಳಾಸ, ನಿಮ್ಮ ಹತ್ತು ಅಂಕಿಯ ನಂಬರ್ ಅಲ್ಲ. 2003ರಲ್ಲಿ ಬಂದ ಸ್ಕೈಪ್ ಬರೀ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇಟ್ಟುಕೊಂಡೇ ವರ್ಷಗಟ್ಟಲೆ ಜಗತ್ತಿನ ತುಂಬ ಕರೆ ಸಾಗಿಸಿತು. 2025ರ ಮೇ 5ಕ್ಕೆ ಅದು ಬಾಗಿಲು ಹಾಕಿತು, ಆದರೆ ನಂಬರ್ ಇಲ್ಲದೆ ಕೆಲಸ ನಡೆಯದು ಅಂತ ಅಲ್ಲ.

ಹಾಗಾದ್ರೆ ನಂಬರ್ ಎಲ್ಲಿಂದ ಬಂತು? 2009ರಲ್ಲಿ ಜಾನ್ ಕೂಮ್ ಮತ್ತು ಬ್ರಿಯಾನ್ ಆ್ಯಕ್ಟನ್ ವಾಟ್ಸಾಪ್ ಶುರು ಮಾಡಿದಾಗ ಮಾಡಿದ ಜಾಣತನ ಅದು. ಹೊಸ ಆ್ಯಪ್‌ಗೆ ಸೇರಿದವನಿಗೆ ಮೊದಲ ದಿನವೇ ಮಾತಾಡೋಕೆ ಜನ ಬೇಕು. ಆ ಪಟ್ಟಿ ಆಗಲೇ ಎಲ್ಲರ ಜೇಬಿನಲ್ಲಿತ್ತು, ಫೋನ್‌ಬುಕ್ ರೂಪದಲ್ಲಿ. ನಂಬರನ್ನೇ ಗುರುತು ಮಾಡಿಬಿಟ್ಟರೆ ಯೂಸರ್‌ನೇಮ್, ಪಾಸ್‌ವರ್ಡ್, ಇಮೇಲ್ ಯಾವುದೂ ಬೇಡ. ಒಂದು ಓಟಿಪಿ ಬಂತು, ಮುಗೀತು.

ಇದನ್ನು ಹಗುರವಾಗಿ ನೋಡಬಾರದು. ಇಮೇಲ್ ಅಂದ್ರೆ ಏನು ಅಂತಲೇ ಗೊತ್ತಿಲ್ಲದ ಕೋಟ್ಯಂತರ ಜನ ಈ ದೇಶದಲ್ಲಿ ನೇರವಾಗಿ ವೀಡಿಯೊ ಕರೆಗೆ ಬಂದಿದ್ದು ಇದರಿಂದಲೇ. ಅಜ್ಜಿ ಮೊಮ್ಮಗನ ಮುಖ ನೋಡೋಕೆ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಬೇಕಿದ್ದರೆ ಆ ಕರೆ ಆಗ್ತಾನೇ ಇರಲಿಲ್ಲ. ನಂಬರ್ ಕೇಳೋದೇ ತಪ್ಪು ಅಂತ ವಾದಿಸುವ ಪರಿಣತರು ಇಂಥ ಮನೆಗಳನ್ನು ಮರೆತು ಮಾತಾಡ್ತಾರೆ.

ತೊಂದರೆ ಇರೋದು ಬೇರೆ ಕಡೆ. ನಂಬರ್ ಕೊಟ್ಟಾಗ ನಾವು ಒಂದು ಕೆಲಸಕ್ಕೆ ಕೊಟ್ಟಿದ್ದೀವಿ ಅಂದ್ಕೊಳ್ತೀವಿ. ಕಂಪನಿ ಅದನ್ನು ಮೂರ್ನಾಲ್ಕು ಕೆಲಸಕ್ಕೆ ಬಳಸುತ್ತೆ. ನೀವು ನಿಜವಾದ ಮನುಷ್ಯ, ಯಂತ್ರವಲ್ಲ ಎಂದು ಖಾತ್ರಿಪಡಿಸಿಕೊಳ್ಳೋದಕ್ಕೆ ಅದೇ ನಂಬರ್. ನಿಮ್ಮ ಪರಿಚಯದವರು ನಿಮ್ಮನ್ನು ಹುಡುಕೋದಕ್ಕೂ ಅದೇ. ಖಾತೆ ಕಳೆದುಹೋದರೆ ವಾಪಸ್ ಕೊಡೋದಕ್ಕೂ ಅದೇ. ಕೆಲವರ ಲೆಕ್ಕದಲ್ಲಿ ಜಾಹೀರಾತು ಗುರಿಯಿಡೋದಕ್ಕೂ ಅದೇ. ಒಂದೇ ಕೀಲಿಯಲ್ಲಿ ಮನೆ ಬಾಗಿಲು, ಬೀರು, ಸ್ಕೂಟರ್ ಮೂರೂ ತೆರೆಯೋ ಹಾಗೆ ಮಾಡಿ ಕೀಲಿಯನ್ನು ಊರಿಗೆಲ್ಲ ಹಂಚಿದಂತೆ.

ಜಾಹೀರಾತಿನ ಮಾತು ಅನುಮಾನವಲ್ಲ, ದಾಖಲಾದ ವಿಚಾರ. ಖಾತೆಯ ಸುರಕ್ಷತೆಗೆ ಅಂತ ಹೇಳಿ ಪಡೆದ ಫೋನ್ ನಂಬರ್‌ಗಳನ್ನು ಜಾಹೀರಾತಿಗೆ ಬಳಸಿದ್ದಕ್ಕೆ 2022ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಟ್ವಿಟರ್‌ಗೆ 15 ಕೋಟಿ ಡಾಲರ್ ದಂಡ ಹಾಕಿಸಿತು. ಅದಕ್ಕೂ ಮೊದಲು, 2019ರಲ್ಲಿ, ಫೇಸ್‌ಬುಕ್ ಮೇಲೆ ಬಿದ್ದ 500 ಕೋಟಿ ಡಾಲರ್ ದಂಡದ ಒಪ್ಪಂದದಲ್ಲೂ ಇದೇ ವಿಷಯ ಇತ್ತು. ಭದ್ರತೆಗೆ ಪಡೆದ ನಂಬರನ್ನು ಜಾಹೀರಾತಿಗೆ ಬಳಸಬಾರದು ಅಂತ ಬರೆದು ಹೇಳಬೇಕಾಯಿತು.

ನಲವತ್ತು ಗಂಟೆಯ ಲೆಕ್ಕ

'ನನ್ನ ನಂಬರ್ ನನ್ನ ಪರಿಚಯದವರಿಗೆ ಮಾತ್ರ ಗೊತ್ತು' ಅನ್ನೋ ನಂಬಿಕೆ ಎಷ್ಟು ಗಟ್ಟಿ ಅಂತ ನೋಡೋಣ.

ಭಾರತದ ಮೊಬೈಲ್ ನಂಬರ್ ಹತ್ತು ಅಂಕಿ, ಶುರುವಾಗೋದು 6, 7, 8 ಅಥವಾ 9ರಿಂದ. ಅಂದ್ರೆ ಸಾಧ್ಯವಿರುವ ಒಟ್ಟು ನಂಬರ್‌ಗಳು ಹೆಚ್ಚೆಂದರೆ 400 ಕೋಟಿ. ಮನುಷ್ಯನಿಗೆ ಇದು ದೊಡ್ಡ ಸಂಖ್ಯೆ, ಕಂಪ್ಯೂಟರ್‌ಗೆ ಅಲ್ಲ. ನಿಮ್ಮ ಫೋನ್‌ಬುಕ್‌ನಲ್ಲಿ ಯಾರ್ಯಾರು ವಾಟ್ಸಾಪ್‌ನಲ್ಲಿದ್ದಾರೆ ಅಂತ ತೋರಿಸೋ ಸೌಲಭ್ಯ ಇದೆಯಲ್ಲ, ಅದಕ್ಕೆ ನೀವು ಯಾವ ನಂಬರ್ ಕೊಟ್ಟರೂ ಇದೆ ಅಥವಾ ಇಲ್ಲ ಅಂತ ಉತ್ತರ ಬರುತ್ತೆ. ಆ ನಂಬರ್ ನಿಮ್ಮ ಸ್ನೇಹಿತನದ್ದೇ ಅಥವಾ ನೀವು ಸುಮ್ಮನೆ ಊಹಿಸಿದ್ದೇ ಅನ್ನೋದು ಸರ್ವರ್‌ಗೆ ಹೇಗೆ ಗೊತ್ತಾಗಬೇಕು?

ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. 2025ರ ನವೆಂಬರ್‌ನಲ್ಲಿ ಫಲಿತಾಂಶ ಹೊರಬಂತು. ಗಂಟೆಗೆ ಹತ್ತು ಕೋಟಿಗೂ ಹೆಚ್ಚು ನಂಬರ್‌ಗಳನ್ನು ವಾಟ್ಸಾಪ್ ಬಳಿ ವಿಚಾರಿಸಿದರೂ ಯಾರೂ ತಡೆಯಲಿಲ್ಲ. ಹೀಗೆ ಅವರು ಪಟ್ಟಿ ಮಾಡಿದ್ದು ಜಗತ್ತಿನ 350 ಕೋಟಿ ಖಾತೆಗಳನ್ನು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದಾಜು ಶೇ. 57 ಖಾತೆಗಳ ಪ್ರೊಫೈಲ್ ಫೋಟೊ ಯಾರಿಗೆ ಬೇಕಾದರೂ ಕಾಣುತ್ತಿತ್ತು. ಆ ವೇಗದಲ್ಲಿ ನಮ್ಮ 400 ಕೋಟಿ ಸಾಧ್ಯತೆಗಳನ್ನು ಒಂದೊಂದಾಗಿ ತಟ್ಟಿ ನೋಡೋಕೆ ಎಷ್ಟು ಹೊತ್ತು ಬೇಕು? ನಲವತ್ತು ಗಂಟೆ. ಶುಕ್ರವಾರ ರಾತ್ರಿ ಶುರು ಮಾಡಿದರೆ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತೆ.

ಸಂದೇಶಗಳ ಒಳಗಿನ ವಿಷಯ ಇದರಿಂದ ಸೋರಲಿಲ್ಲ, ಅದು ನಿಜ. 2016ರಿಂದ ವಾಟ್ಸಾಪ್‌ನಲ್ಲಿರುವ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಗಟ್ಟಿಯಾಗಿಯೇ ಇದೆ. ಸಂಶೋಧಕರು ತಿಳಿಸಿದ ಮೇಲೆ ಮೆಟಾ ಈ ದಾರಿಗೆ ಮಿತಿ ಹಾಕಿದೆ. ಆದರೆ ಇಲ್ಲಿ ಗಮನಿಸಬೇಕಾದ್ದು ಇನ್ನೊಂದು. 2021ರಲ್ಲಿ ಫೇಸ್‌ಬುಕ್‌ನ ಸಂಪರ್ಕ ಹುಡುಕುವ ಸೌಲಭ್ಯವನ್ನೇ ದುರ್ಬಳಕೆ ಮಾಡಿ ಸಂಗ್ರಹಿಸಿದ 53 ಕೋಟಿಗೂ ಹೆಚ್ಚು ಜನರ ನಂಬರ್, ಹೆಸರು ಇತ್ಯಾದಿ ಬಹಿರಂಗವಾಗಿ ಹರಿದಾಡಿದ್ದವು. ಐರ್ಲೆಂಡಿನ ಡೇಟಾ ಸಂರಕ್ಷಣಾ ಆಯೋಗ ಅದಕ್ಕೆ 26.5 ಕೋಟಿ ಯೂರೊ ದಂಡ ಹಾಕಿತು. ವಿಯೆನ್ನಾದವರು ಆ ಹಳೆಯ ಪಟ್ಟಿಯನ್ನು ಹೋಲಿಸಿ ನೋಡಿದರೆ ಅದರಲ್ಲಿನ ಸುಮಾರು ಅರ್ಧದಷ್ಟು ನಂಬರ್ ಇನ್ನೂ ವಾಟ್ಸಾಪ್‌ನಲ್ಲಿ ಜೀವಂತವಾಗಿದ್ದವು.

ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ನಂಬರ್ ಸೋರಿದರೆ? ಅದು ಆಧಾರ್‌ಗೆ ಜೋಡಣೆ ಆಗಿದೆ, ಬ್ಯಾಂಕಿಗೆ ಆಗಿದೆ, ಗ್ಯಾಸ್ ಏಜೆನ್ಸಿಗೆ, ಫಾಸ್ಟ್ಯಾಗ್‌ಗೆ, ಮಗಳ ಶಾಲೆಗೆ, ಯುಪಿಐಗೆ. ಬೇರೆ ಬೇರೆ ಕಡೆ ಸೋರಿದ ಪಟ್ಟಿಗಳನ್ನು ಒಂದಕ್ಕೊಂದು ಹೊಲಿಯೋ ದಾರ ಅಂದ್ರೆ ಈ ನಂಬರೇ. ಒಂದು ಪಟ್ಟಿಯಲ್ಲಿ ಹೆಸರು, ಇನ್ನೊಂದರಲ್ಲಿ ವಿಳಾಸ, ಮತ್ತೊಂದರಲ್ಲಿ ಯಾವ ಬ್ಯಾಂಕು. ಮೂರನ್ನೂ ಜೋಡಿಸಿದವನು ನಿಮಗೆ ಕರೆ ಮಾಡಿ ನಿಮ್ಮ ಪೂರ್ತಿ ಹೆಸರು ಹಿಡಿದು ಮಾತಾಡಿಸಿದಾಗ 'ಇವನು ನಿಜವಾದ ಅಧಿಕಾರಿಯೇ ಇರಬೇಕು' ಅನಿಸೋದು ಸಹಜ.

ಇಲ್ಲೊಂದು ಮುಜುಗರದ ಮಾತು ಹೇಳಲೇಬೇಕು. ಕಾಂಟ್ಯಾಕ್ಟ್ಸ್ ನೋಡೋಕೆ ಅನುಮತಿ ಕೊಟ್ಟಾಗ ನೀವು ಕೊಡೋದು ನಿಮ್ಮ ನಂಬರ್ ಮಾತ್ರ ಅಲ್ಲ. ನಿಮ್ಮ ಚಿಕ್ಕಮ್ಮನದ್ದು, ಡಾಕ್ಟರದ್ದು, ಒಂದು ಸಲ ನಲ್ಲಿ ರಿಪೇರಿಗೆ ಬಂದವನದ್ದು, ಎಲ್ಲ. ಅವರ್ಯಾರೂ ಒಪ್ಪಿಗೆ ಕೊಟ್ಟಿರಲ್ಲ. ಕೆಲವು ಕಾಲರ್ ಐಡಿ ಆ್ಯಪ್‌ಗಳು ಬೆಳೆದಿದ್ದೇ ಹೀಗೆ. ಒಬ್ಬ ಹೆಣ್ಣುಮಗಳು ಆ ಆ್ಯಪ್ ಮುಟ್ಟದೇ ಇದ್ದರೂ ಬೇರೆಯವರ ಫೋನಿನಲ್ಲಿ ಆಕೆಯನ್ನು ಹೇಗೆ ಸೇವ್ ಮಾಡಿಕೊಂಡಿದ್ದರೋ ಆ ಹೆಸರಿನಲ್ಲೇ ಅಪರಿಚಿತನಿಗೆ ಕಾಣಿಸಿಕೊಳ್ಳಬಹುದು. 2023ರ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಪೂರ್ತಿ ಜಾರಿಗೆ ಬರೋಕೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ.

ನಂಬರ್ ನಿಮ್ಮದಲ್ಲ

ಹೌದು, ನಿಮ್ಮದಲ್ಲ. ನೀವು ಬಾಡಿಗೆಗೆ ಇದ್ದೀರಿ. ರೀಚಾರ್ಜ್ ನಿಂತರೆ ಕೆಲ ದಿನಗಳಲ್ಲಿ ಸೇವೆ ನಿಲ್ಲುತ್ತೆ, ಕೊನೆಗೆ ನಂಬರ್ ರದ್ದಾಗುತ್ತೆ. ರದ್ದಾದ ನಂಬರನ್ನು ಕಂಪನಿಗಳು ಹಾಗೇ ಬಿಡೋದಿಲ್ಲ, ಇನ್ನೊಬ್ಬರಿಗೆ ಕೊಡ್ತಾರೆ. ಕನಿಷ್ಠ 90 ದಿನ ಕಾಯಬೇಕು ಅನ್ನೋದು ನಿಯಮ.

ಇದೇ ವಿಷಯ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಹಳೆಯ ಗ್ರಾಹಕರ ವಾಟ್ಸಾಪ್ ಮಾಹಿತಿ ಹೊಸಬರ ಕೈಗೆ ಸಿಗುತ್ತೆ, ಆದ್ದರಿಂದ ನಂಬರ್ ಮರುಹಂಚಿಕೆ ನಿಲ್ಲಿಸಿ ಅನ್ನೋದು ಅರ್ಜಿದಾರರ ಕೋರಿಕೆ. 90 ದಿನದ ನಿಯಮವನ್ನು ಟ್ರಾಯ್ ನ್ಯಾಯಾಲಯಕ್ಕೆ ತಿಳಿಸಿತು. ನಂಬರ್ ಬಿಡುವವರೇ ಖಾತೆ ಅಳಿಸಿ ಎಚ್ಚರ ವಹಿಸಬೇಕು ಅಂತ ಹೇಳಿದ ನ್ಯಾಯಾಲಯ ಅರ್ಜಿಯನ್ನು ಮುಂದುವರಿಸಲಿಲ್ಲ. ಅಂದ್ರೆ ಹೊಣೆ ನಮ್ಮ ತಲೆ ಮೇಲೇ ಬಂತು.

ಈಗ ದಿನಗಳ ಲೆಕ್ಕ ನೋಡಿ. ಟೆಲಿಕಾಂ ಕಂಪನಿ 90 ದಿನಕ್ಕೆ ನಂಬರ್ ಬೇರೆಯವರಿಗೆ ಕೊಡಬಹುದು. ವಾಟ್ಸಾಪ್ ಬಳಸದ ಖಾತೆಯನ್ನು ಅಳಿಸೋದು ಸಾಮಾನ್ಯವಾಗಿ 120 ದಿನಕ್ಕೆ. ಈ ನಡುವೆ ಬಿರುಕು ಇದೆ. ಅದನ್ನು ಮುಚ್ಚೋಕೆ ವಾಟ್ಸಾಪ್ ಒಂದು ಉಪಾಯ ಮಾಡಿದೆ: 45 ದಿನ ಸುಮ್ಮನಿದ್ದ ಖಾತೆ ಹೊಸ ಫೋನಿನಲ್ಲಿ ಮತ್ತೆ ಎದ್ದರೆ ನಂಬರ್ ಕೈ ಬದಲಾಗಿದೆ ಅಂತ ಭಾವಿಸಿ ಹಳೆಯ ಮಾಹಿತಿ ಅಳಿಸುತ್ತೆ. ಒಳ್ಳೆಯದೇ. ಆದರೆ ನೀವು ಸಿಮ್ ಬಿಟ್ಟ ಮೇಲೂ ಹಳೆಯ ನಂಬರಿನ ವಾಟ್ಸಾಪನ್ನು ವೈಫೈನಲ್ಲಿ ಬಳಸ್ತಾ ಇದ್ದರೆ ಖಾತೆ ಸುಮ್ಮನಿಲ್ಲವಲ್ಲ! ಆ ನಂಬರ್ ಪಡೆದ ಹೊಸ ಗ್ರಾಹಕ ಓಟಿಪಿ ಹಾಕಿದ ದಿನ ನೀವು ಹೊರಗೆ, ಅವನು ಒಳಗೆ. ಹಳೆಯ ಚಾಟ್ ಅವನಿಗೆ ಕಾಣಲ್ಲ. ನೀವಿದ್ದ ಗುಂಪುಗಳಿಗೆ ಅಲ್ಲಿಂದ ಮುಂದೆ ಬರುವ ಸಂದೇಶ ಅವನ ಫೋನಿಗೆ ಹೋಗೋ ಸಾಧ್ಯತೆ ಇದೆ. ನಿಮ್ಮ ಸ್ನೇಹಿತರು ನಿಮಗೆ ಅಂತ ಕಳಿಸೋದೂ ಅವನಿಗೇ ಹೋಗುತ್ತೆ.

ಊರು ಬಿಟ್ಟು ಊರಿಗೆ ದುಡಿಯೋಕೆ ಹೋಗುವವರಿಗೆ ಇದು ದಿನನಿತ್ಯದ ಮಾತು. ಕೈಯಲ್ಲಿ ಕಾಸಿಲ್ಲದ ತಿಂಗಳು ರೀಚಾರ್ಜ್ ತಪ್ಪುತ್ತೆ, ಮುಂದೆ ಹೊಸ ಸಿಮ್ ಕೊಳ್ಳೋದೇ ಅಗ್ಗ. ನಂಬರ್ ಶಾಶ್ವತ ಗುರುತು ಅನ್ನೋ ಕಲ್ಪನೆ ಪೋಸ್ಟ್‌ಪೇಯ್ಡ್ ಇರುವವರು ಮಾಡಿದ್ದು.

ಸಿಮ್ ಬೈಂಡಿಂಗ್ ಪೆಟ್ಟು ಯಾರಿಗೆ?

ಸರ್ಕಾರದ ವಾದದಲ್ಲಿ ತಿರುಳಿಲ್ಲ ಅಂತೇನಿಲ್ಲ. ಈಗಿನ ವ್ಯವಸ್ಥೆಯಲ್ಲಿ ಓಟಿಪಿ ಒಂದು ಸಲ ಹಾಕಿದರೆ ಸಾಕು, ಆಮೇಲೆ ಸಿಮ್ ತೆಗೆದು ಎಸೆದರೂ ಖಾತೆ ನಡೆಯುತ್ತೆ. ಇಲ್ಲಿ ಯಾರದೋ ಹೆಸರಲ್ಲಿ ಸಿಮ್ ಪಡೆದು, ಓಟಿಪಿ ಓದಿ ಹೇಳಿ, ಖಾತೆಯನ್ನು ಕಾಂಬೋಡಿಯಾದಲ್ಲೋ ಮ್ಯಾನ್ಮಾರ್‌ನಲ್ಲೋ ಕೂತವನು ನಡೆಸಬಹುದು. 'ಡಿಜಿಟಲ್ ಅರೆಸ್ಟ್' ವಂಚನೆಗೆ ಬಳಸಿದ 83,668 ವಾಟ್ಸಾಪ್ ಖಾತೆ ಮತ್ತು 3,962 ಸ್ಕೈಪ್ ಐಡಿಗಳನ್ನು ಬಂದ್ ಮಾಡಿಸಿದ್ದಾಗಿ ಗೃಹ ಇಲಾಖೆ 2025ರಲ್ಲಿ ಸಂಸತ್ತಿಗೆ ತಿಳಿಸಿದೆ. ಅಂಕಿಗಳನ್ನು ಇನ್ನೊಮ್ಮೆ ನೋಡಿ. ಬಳಕೆದಾರ ಹೆಸರಿನಿಂದಲೇ ತೆರೆಯಬಹುದಾಗಿದ್ದ ಸ್ಕೈಪ್‌ಗಿಂತ, ನಂಬರ್ ಕಡ್ಡಾಯವಿದ್ದ ವಾಟ್ಸಾಪ್‌ನಲ್ಲೇ ಕಳ್ಳರ ಖಾತೆ ಇಪ್ಪತ್ತು ಪಟ್ಟು. ವಾಟ್ಸಾಪ್ ಬಳಸುವವರೇ ಹೆಚ್ಚು ಅನ್ನೋದು ಇದಕ್ಕೆ ದೊಡ್ಡ ಕಾರಣ, ಒಪ್ಪೋಣ. ಆದರೂ ನಂಬರ್ ಕೊಡಲೇಬೇಕು ಅನ್ನೋ ನಿಯಮ ಕಳ್ಳನನ್ನು ತಡೆಯಲಿಲ್ಲ ಅನ್ನೋದಂತೂ ಸ್ಪಷ್ಟ. ಅವನಿಗೆ ಸಿಮ್ ಸಿಗ್ತಾ ಇತ್ತು. ಸಿಮ್ ಬೈಂಡಿಂಗ್ ಬಂದ ಮೇಲೆ ಅವನು ಓಟಿಪಿ ಬದಲು ಸಿಮ್ಮನ್ನೇ ತರಿಸಿಕೊಳ್ಳಬೇಕು. ಖರ್ಚು ಹೆಚ್ಚಾಗುತ್ತೆ, ಕೆಲವರು ಕೈಬಿಡಬಹುದು. ದಂಧೆ ನಿಲ್ಲುತ್ತೆ ಅಂತ ನನಗನ್ನಿಸಲ್ಲ.

ಇತ್ತ ಪ್ರಾಮಾಣಿಕರ ಕಡೆ ಬನ್ನಿ. ಯಾವ ತಾಲ್ಲೂಕು ಕಚೇರಿ ಎದುರು ಬೇಕಾದರೂ ಹೋಗಿ ನೋಡಿ, ಝೆರಾಕ್ಸ್ ಅಂಗಡಿ ನಡೆಯೋದೇ ವಾಟ್ಸಾಪ್ ವೆಬ್ ಮೇಲೆ. 'ಈ ನಂಬರ್‌ಗೆ ಪಿಡಿಎಫ್ ಕಳಿಸಿ ಸಾರ್' ಅಂತ ಗೋಡೆ ಮೇಲೇ ಬರೆದಿರ್ತಾರೆ. ಆರು ಗಂಟೆಗೊಮ್ಮೆ ಲಾಗ್‌ಔಟ್ ಆದರೆ ಮಾಲೀಕ ಫೋನ್ ಸಮೇತ ಅಂಗಡಿಯಲ್ಲೇ ಇರಬೇಕು, ಕೆಲಸದ ಹುಡುಗನ ಮೇಲೆ ಬಿಟ್ಟು ಊಟಕ್ಕೆ ಹೋಗೋ ಹಾಗಿಲ್ಲ.

ಕರಾವಳಿಯ ಮನೆಗಳಿಗೆ ಇನ್ನೊಂದು ಥರ. ಯುಎಇಯಲ್ಲಿ ವಾಟ್ಸಾಪ್‌ನಲ್ಲಿ ಸಂದೇಶ ಹೋಗುತ್ತೆ, ಕರೆ ಹೋಗಲ್ಲ. ಅಲ್ಲಿನ ಸರ್ಕಾರ ಅನುಮತಿ ಕೊಟ್ಟ ಬೋಟಿಮ್‌ನಂಥ ಆ್ಯಪ್‌ಗಳಲ್ಲೇ ಮಾತಾಡಬೇಕು. ಅದಕ್ಕೂ ನಂಬರ್ ಬೇಕು. ಹೀಗಾಗಿ ದುಬೈನಲ್ಲಿರುವ ಉಡುಪಿ, ಭಟ್ಕಳದವರ ಫೋನಿನಲ್ಲಿ ಬೋಟಿಮ್‌ಗೆ ಅಲ್ಲಿಯ ನಂಬರ್, ವಾಟ್ಸಾಪ್‌ಗೆ ಊರಿನ ಹಳೆಯ ನಂಬರ್ ಇರೋದು ಮಾಮೂಲು. ಊರಿನ ಸಿಮ್ ಎಷ್ಟೋ ಜನರ ಪರ್ಸಿನಲ್ಲೋ ಅಮ್ಮನ ಕಪಾಟಿನಲ್ಲೋ ಇರುತ್ತೆ. ಫೋನಿನಲ್ಲಿ ಸಿಮ್ ಇದ್ದರೆ ರೋಮಿಂಗ್‌ನಲ್ಲಿದ್ದರೂ ತೊಂದರೆಯಿಲ್ಲ ಅಂತ ಇಲಾಖೆ ಹೇಳಿದೆ. ಹಾಗಾದರೆ ಆ ಸಿಮ್ ಕಪಾಟಿನಿಂದ ಫೋನಿಗೆ ಬರಬೇಕು, ತಪ್ಪದೇ ರೀಚಾರ್ಜ್ ಆಗ್ತಿರಬೇಕು. ಎರಡು ಸಿಮ್ ಹಿಡಿಯುವ ಫೋನ್ ಇದ್ದವರಿಗೆ ಸುಲಭ. ಒಂದೇ ಸಿಮ್ಮಿನ ಫೋನ್ ಇಟ್ಟುಕೊಂಡು ಲೇಬರ್ ಕ್ಯಾಂಪಿನಲ್ಲಿರುವವನು ಯಾವುದಾದರೂ ಒಂದನ್ನು ಬಿಡಬೇಕು.

ಈ ಆದೇಶದ ಬೇರು 2025ರ ಅಕ್ಟೋಬರ್‌ನಲ್ಲಿ ತಿದ್ದುಪಡಿಯಾದ ಟೆಲಿಕಾಂ ಸೈಬರ್ ಸುರಕ್ಷತಾ ನಿಯಮಗಳಲ್ಲಿದೆ. ಗ್ರಾಹಕರನ್ನು ಗುರುತಿಸಲು ಮೊಬೈಲ್ ನಂಬರ್ ಬಳಸುವ ಸಂಸ್ಥೆಗಳನ್ನು ಈ ನಿಯಮಗಳ ವ್ಯಾಪ್ತಿಗೆ ತಂದು, ನಂಬರ್ ನಿಜವಾಗಿ ಆ ವ್ಯಕ್ತಿಯದ್ದೇ ಅಂತ ತಾಳೆ ನೋಡುವ ವೇದಿಕೆಯೊಂದಕ್ಕೂ ಅದರಲ್ಲಿ ಜಾಗ ಮಾಡಲಾಗಿದೆ. ನನ್ನ ತಕರಾರು ಇಲ್ಲೇ ಇರೋದು. ಕಂಪನಿಗಳು ತಮ್ಮ ಅನುಕೂಲಕ್ಕೆ ನಂಬರನ್ನು ಗುರುತಿನ ಚೀಟಿ ಮಾಡಿದವು. ಅದರಿಂದಾದ ತೊಂದರೆಗೆ ಸರ್ಕಾರ ಕಂಡುಕೊಂಡ ಪರಿಹಾರ, ಆ ಗಂಟನ್ನು ಇನ್ನೂ ಬಿಗಿ ಮಾಡೋದು. ನಂಬರ್ ಇಲ್ಲದೆ ಮಾತಾಡುವ ಆಯ್ಕೆ ಕೊಡಿ ಅಂತ ಯಾರೂ ಕೇಳ್ತಾ ಇಲ್ಲ.

ಅಮೆರಿಕದಲ್ಲಿ ಇದೇ ಕಥೆ ತಿರುವು-ಮುರುವು. ಅಲ್ಲಿರುವ ಕನ್ನಡಿಗರು ಅನೇಕರು ಗೂಗಲ್ ವಾಯ್ಸ್ ಬಳಸ್ತಾರೆ. 2009ರಿಂದ ಇರುವ ಸೇವೆ, ವೈಯಕ್ತಿಕ ಖಾತೆ ಅಮೆರಿಕದವರಿಗೆ ಮಾತ್ರ. ಅದು ನಿಮಗೊಂದು ಬೇರೆಯೇ ನಂಬರ್ ಕೊಡುತ್ತೆ. ಮನೆ ಬಾಡಿಗೆ ಜಾಹೀರಾತಿಗೆ, ಹಳೆ ಸೋಫಾ ಮಾರೋದಕ್ಕೆ ಆ ನಂಬರ್ ಕೊಟ್ಟರೆ ಅಸಲಿ ನಂಬರ್ ಬಚಾವ್. ಆದರೆ ಆ ಸೇವೆ ಪಡೆಯೋಕೆ ಅಸಲಿ ನಂಬರನ್ನು ಒಮ್ಮೆ ಜೋಡಿಸಿ ಕೋಡ್ ಹಾಕಬೇಕು. ಕಳ್ಳರು ಕೂತಿರೋದು ಈ ಬಾಗಿಲಲ್ಲಿ. ಸೋಫಾ ಕೊಳ್ಳೋಕೆ ಬಂದಂತೆ ನಟಿಸಿ, 'ನೀವು ನಿಜವಾದ ಮನುಷ್ಯರೇ ಅಂತ ನೋಡೋಕೆ ಒಂದು ಕೋಡ್ ಕಳಿಸಿದ್ದೀನಿ, ಓದಿ ಹೇಳಿ' ಅಂತಾರೆ. ಹೇಳಿದರೆ ನಿಮ್ಮ ನಂಬರಿಗೆ ಜೋಡಿಸಿದ ಗೂಗಲ್ ವಾಯ್ಸ್ ನಂಬರ್ ಅವರ ಕೈಗೆ, ಅದರಿಂದ ಮಾಡುವ ವಂಚನೆಯ ಜಾಡು ಹಿಡಿದು ಬಂದವರು ನಿಮ್ಮ ಮನೆಗೆ. ಫೆಡರಲ್ ಟ್ರೇಡ್ ಕಮಿಷನ್ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೀಗಾಗಿದ್ದರೆ ಸ್ವಂತ ಖಾತೆಯಿಂದ ನಂಬರನ್ನು ಮತ್ತೆ ಜೋಡಿಸಿ ಅವರ ಹಿಡಿತ ತಪ್ಪಿಸಬಹುದು. ಇಂಥ ನಂಬರ್‌ಗೆ ಓಟಿಪಿ ಕಳಿಸೋಕೆ ಕೆಲವು ಬ್ಯಾಂಕುಗಳು ಒಪ್ಪಲ್ಲ ಅನ್ನೋದೂ ನೆನಪಿರಲಿ. ಬಹಳ ದಿನ ಬಳಸದೇ ಬಿಟ್ಟರೆ ಗೂಗಲ್ ಆ ನಂಬರ್ ವಾಪಸ್ ಪಡೆಯುತ್ತೆ.

ನಮ್ಮಲ್ಲಿ ಇಂಥದ್ದು ಯಾಕಿಲ್ಲ ಅಂದ್ರೆ ಕಾನೂನು. ಆ್ಯಪ್‌ನಿಂದ ಆ್ಯಪ್‌ಗೆ ಮಾತಾಡಬಹುದು, ಆದರೆ ಆ್ಯಪ್‌ನಿಂದ ದೇಶದೊಳಗಿನ ಮಾಮೂಲಿ ಫೋನ್ ನಂಬರ್‌ಗೆ ಕರೆ ಜೋಡಿಸೋಕೆ ಟೆಲಿಕಾಂ ಪರವಾನಗಿ ಬೇಕು. ಸ್ಕೈಪ್ ಕೂಡ 2014ರ ನವೆಂಬರ್‌ನಲ್ಲಿ ಭಾರತದೊಳಗಿನ ಮೊಬೈಲ್, ಲ್ಯಾಂಡ್‌ಲೈನ್‌ಗಳಿಗೆ ಕರೆ ಮಾಡುವ ಸೌಲಭ್ಯವನ್ನು ನಿಲ್ಲಿಸಿತು. 2018ರಲ್ಲಿ ಪರವಾನಗಿ ಇರುವ ಕಂಪನಿಗಳಿಗೆ ದಾರಿ ತೆರೆದಾಗ ಬಿಎಸ್‌ಎನ್‌ಎಲ್ 'ವಿಂಗ್ಸ್' ಅಂತ ತಂದಿತ್ತು. ನಿಮ್ಮ ಪರಿಚಯದಲ್ಲಿ ಯಾರಾದರೂ ಬಳಸಿದ್ದು ಕೇಳಿದ್ದೀರಾ?

ಹಾಗಾದ್ರೆ ಏನು ಮಾಡೋದು

ಕೊಡಬೇಡಿ ಅಂತ ಹೇಳೋಕಾಗಲ್ಲ. ವಾಟ್ಸಾಪ್ ಇಲ್ಲದೆ ಶಾಲೆಯ ಹೋಂವರ್ಕೂ ಗೊತ್ತಾಗಲ್ಲ, ಅಪಾರ್ಟ್‌ಮೆಂಟಿಗೆ ನೀರಿನ ಟ್ಯಾಂಕರ್ ಬಂದಿದ್ದೂ ಗೊತ್ತಾಗಲ್ಲ. ಕೇಳಿಕೊಳ್ಳಬೇಕಾದ್ದು ಮುಖ್ಯವಾಗಿ ಒಂದೇ: ಬ್ಯಾಂಕಿನ ಓಟಿಪಿ ಬರುವ ನಂಬರೂ ಊರಿಗೆಲ್ಲ ಕೊಟ್ಟಿರುವ ನಂಬರೂ ಒಂದೇನಾ? ಒಂದೇ ಆಗಿದ್ದರೆ, ಎರಡನೇ ಸಿಮ್ಮಿಗೆ ಖರ್ಚು ಮಾಡೋ ಶಕ್ತಿ ಇದ್ದರೆ, ಬೇರೆ ಮಾಡಿ. ಬ್ಯಾಂಕು, ಆಧಾರ್‌ಗೆ ಒಂದು ನಂಬರ್, ಅದನ್ನು ಯಾವ ಗುಂಪಿಗೂ ಹಾಕಬೇಡಿ. ಮಾತುಕತೆಗೆ ಇನ್ನೊಂದು. ಒಂದೇ ಸಿಮ್ ಸಾಧ್ಯ ಅನ್ನುವವರು ಈ ಸಾಲಿಗೆ ಬೇಜಾರಾಗಬೇಡಿ, ಮುಂದಿನದು ನಿಮಗೂ ಸೇರಿಯೇ.

ವ್ಯಾಪಾರ ಇಟ್ಟುಕೊಂಡವರಿಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ದಾರಿಯೊಂದಿದೆ. ವಾಟ್ಸಾಪ್ ಬಿಸಿನೆಸ್ ಖಾತೆಯನ್ನು ಲ್ಯಾಂಡ್‌ಲೈನ್ ನಂಬರಿಂದ ತೆರೆಯಬಹುದು. ಎಸ್ಸೆಮ್ಮೆಸ್ ಬದಲು 'ಕರೆ ಮಾಡಿ' ಅಂತ ಆರಿಸಿಕೊಂಡರೆ ಕೋಡನ್ನು ಕರೆಯಲ್ಲೇ ಓದಿ ಹೇಳುತ್ತೆ. ಮನೆಯಲ್ಲೇ ಬಟ್ಟೆ ಹೊಲಿದು ಮಾರುವ, ಟ್ಯೂಷನ್ ಹೇಳಿಕೊಡುವ ಹೆಣ್ಣುಮಕ್ಕಳಿಗೆ ಇದು ತುಂಬ ಉಪಯೋಗ. ವೈಯಕ್ತಿಕ ನಂಬರ್ ಗಿರಾಕಿಗಳ ಕೈಗೆ ಹೋದ ಮೇಲೆ ರಾತ್ರಿ ಹನ್ನೊಂದಕ್ಕೆ 'ಹಾಯ್' ಬರೋದು ಏನು ಅಂತ ಅವರನ್ನೇ ಕೇಳಬೇಕು. ಸಿಮ್ ಬೈಂಡಿಂಗ್ ಆದೇಶ ಬರೆದವರಿಗೆ ಈ ಲ್ಯಾಂಡ್‌ಲೈನ್ ಖಾತೆಗಳು ನೆನಪಿದ್ದವೋ ಇಲ್ಲವೋ. ಲ್ಯಾಂಡ್‌ಲೈನ್‌ಗೆ ಸಿಮ್ ಎಲ್ಲಿಂದ ತರೋದು?

ಸಿಗ್ನಲ್ 2024ರ ಫೆಬ್ರವರಿಯಲ್ಲಿ ಯೂಸರ್‌ನೇಮ್ ತಂದಿತು. ಖಾತೆ ತೆರೆಯೋಕೆ ಈಗಲೂ ನಂಬರ್ ಬೇಕು, ಆದರೆ ಎದುರಿನವರಿಗೆ ಅದನ್ನು ತೋರಿಸದೆ ಮಾತಾಡಬಹುದು. ಯಾರೂ ನಂಬರ್ ಹಾಕಿ ನಿಮ್ಮನ್ನು ಹುಡುಕಬಾರದು ಅಂತಲೂ ಇಡಬಹುದು. ಪತ್ರಕರ್ತರು, ವಕೀಲರು, ಹೊಸ ಪರಿಚಯದವರ ಜೊತೆ ಮಾತಾಡಬೇಕಾದವರು ಇದನ್ನು ನೋಡಬೇಕು. ಟೆಲಿಗ್ರಾಂನಲ್ಲೂ ನಂಬರ್ ಯಾರಿಗೆ ಕಾಣಬೇಕು ಅನ್ನೋದನ್ನು ಪ್ರೈವೆಸಿ ವಿಭಾಗದಲ್ಲಿ ಬದಲಿಸಬಹುದು.

ವಾಟ್ಸಾಪ್‌ನಲ್ಲಿ ಐದು ನಿಮಿಷದ ಕೆಲಸ ಇದೆ, ಇವತ್ತೇ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್‌ಗೆ ಹೋಗಿ ಟೂ-ಸ್ಟೆಪ್ ವೆರಿಫಿಕೇಷನ್ ಹಾಕಿ, ಆರು ಅಂಕಿಯ ಪಿನ್ ಇಡಿ, ಇಮೇಲ್ ಇದ್ದರೆ ಸೇರಿಸಿ. ಸಿಮ್ ಬೇರೆಯವರ ಕೈ ಸೇರಿದರೂ ಓಟಿಪಿ ಒಂದರಿಂದಲೇ ಅವರು ಕೂಡಲೇ ಒಳಗೆ ಬರಲಾಗಲ್ಲ. ಪಿನ್ ಗೊತ್ತಿಲ್ಲದಿದ್ದರೆ ಏಳು ದಿನ ಕಾಯಬೇಕು, ಅಷ್ಟರಲ್ಲಿ ನೀವು ಟೆಲಿಕಾಂ ಕಂಪನಿಗೆ ಹೇಳಿ ಸಿಮ್ ವಾಪಸ್ ಪಡೆಯಬಹುದು. ಪ್ರೊಫೈಲ್ ಫೋಟೊ 'ಮೈ ಕಾಂಟ್ಯಾಕ್ಟ್ಸ್'ಗೆ ಮಾತ್ರ. ಅಪರಿಚಿತರ ಕರೆ ಸೈಲೆಂಟ್ ಮಾಡುವ ಆಯ್ಕೆ ಆನ್ ಇರಲಿ. ಕರೆಯಲ್ಲಿ ಐಪಿ ವಿಳಾಸ ಮರೆಮಾಡುವ ಆಯ್ಕೆಯೂ ಅಲ್ಲೇ ಅಡ್ವಾನ್ಸ್‌ಡ್‌ನಲ್ಲಿದೆ, ಹಾಕಿದರೆ ಧ್ವನಿ ಸ್ವಲ್ಪ ಹದಗೆಡಬಹುದು. 'ಲಿಂಕ್ಡ್ ಡಿವೈಸಸ್' ತೆರೆದು ನೋಡಿ. ಗುರುತಿಲ್ಲದ ಕಂಪ್ಯೂಟರ್ ಕಂಡರೆ ತೆಗೆದುಹಾಕಿ, ಝೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಖಾತೆ ತೆರೆದು ಮರೆತಿದ್ದೂ ಅಲ್ಲಿ ಸಿಗುತ್ತೆ.

'ತಪ್ಪಿ ನಿಮ್ಮ ನಂಬರಿಗೆ ಆರು ಅಂಕಿಯ ಕೋಡ್ ಬಂದಿದೆ, ಕಳಿಸ್ತೀರಾ?' ಅಂತ ಸ್ವಂತ ಅಣ್ಣನ ವಾಟ್ಸಾಪ್‌ನಿಂದಲೇ ಸಂದೇಶ ಬಂದರೂ ಕಳಿಸಬೇಡಿ. ಅಣ್ಣನ ಖಾತೆ ಆಗಲೇ ಹೋಗಿದೆ ಅಂತ ಅರ್ಥ, ಅವನಿಗೆ ಮಾಮೂಲಿ ಕರೆ ಮಾಡಿ ತಿಳಿಸಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅನ್ನೋದನ್ನು ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಬಹುದು, ಆ್ಯಪ್ ಹಾಕಿಕೊಳ್ಳಲೇಬೇಕು ಅಂತಿಲ್ಲ. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ 'ನನ್ನದಲ್ಲ' ಅಂತ ದೂರು ಕೊಡಿ. ಅದರಿಂದ ತೆರೆದ ವಾಟ್ಸಾಪ್ ಖಾತೆಯ ಜಾಡು ಬಂದು ನಿಲ್ಲೋದು ನಿಮ್ಮ ಆಧಾರ್ ಮುಂದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ನಂಬರ್ ಬದಲಿಸುವವರು. ಹಳೆಯ ಸಿಮ್ ಚಾಲ್ತಿಯಲ್ಲಿರುವಾಗಲೇ ಕೆಲಸ ಮುಗಿಸಬೇಕು, ಸತ್ತ ಮೇಲೆ ಏನೂ ಮಾಡೋಕಾಗಲ್ಲ. ವಾಟ್ಸಾಪ್‌ನಲ್ಲಿ 'ಚೇಂಜ್ ನಂಬರ್' ಅಂತಲೇ ಇದೆ, ಅದು ಚಾಟ್, ಗುಂಪು ಎಲ್ಲವನ್ನೂ ಹೊಸ ನಂಬರಿಗೆ ಸಾಗಿಸುತ್ತೆ. ಟೆಲಿಗ್ರಾಂ, ಸಿಗ್ನಲ್‌ನಲ್ಲೂ ಇದೆ. ಬೇಡವಾದ ಖಾತೆಗೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು, 'ಡಿಲೀಟ್ ಅಕೌಂಟ್' ಒತ್ತಲೇಬೇಕು. ಬ್ಯಾಂಕ್, ಆಧಾರ್‌ನಲ್ಲಿ ಹೊಸ ನಂಬರ್ ದಾಖಲಾಗಿದೆ ಅಂತ ಖಚಿತವಾಗೋವರೆಗೆ ಹಳೆಯ ಸಿಮ್ಮಿಗೆ ಕನಿಷ್ಠ ರೀಚಾರ್ಜ್ ಹಾಕಿಸ್ತಾ ಇರಿ. ಆಧಾರ್‌ನಲ್ಲಿ ನಂಬರ್ ಬದಲಾವಣೆಗೆ ಕೇಂದ್ರಕ್ಕೆ ಹೋಗಿ ಬರೋದು, ಅಲ್ಲಿ ಸರ್ವರ್ ಡೌನ್ ಅಂತ ವಾಪಸ್ ಕಳಿಸೋದು, ಮತ್ತೆ ಹೋಗೋದು, ಇದಕ್ಕೆಲ್ಲ ಒಂದೆರಡು ತಿಂಗಳು ಲೆಕ್ಕ ಇಟ್ಟುಕೊಳ್ಳಿ.